ಗುಪ್ತ ಪೊಲೀಸರು, ಬೇಹುಗಾರರು, ಸಿನಿಮಾ: ಝೆರಾಕ್ಸ್ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಗೋಲಗುಮ್ಮಟಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ನೋಟ್ಸ್ ಪ್ರಿಂಟ್ ಹಾಕಿಸಲು ಬರುತ್ತಾರೆ, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ, ಚಹಾ ತರಿಸುತ್ತೇವೆ, ಮಾತು ಶುರುವಾಗುತ್ತದೆ. ಕ್ರಿಕೆಟ್ ಮುಗಿದ ಮೇಲೆ ಅದು ಬಂದು ನಿಲ್ಲುವುದು ಬೇಹುಗಾರರ ಹತ್ತಿರ. ನಾನು ಚಿಕ್ಕಂದಿನಿಂದ ಪತ್ತೇದಾರಿ ಕಾದಂಬರಿ ಹುಚ್ಚ ಅಂತ ಓಣಿಗೆಲ್ಲ ಗೊತ್ತು, ಹಾಗಾಗಿ ಪ್ರಶ್ನೆ ನನಗೇ ಬೀಳುತ್ತವೆ. ಅವೇ ಪ್ರಶ್ನೆಗಳು, ಬೇರೆ ಬೇರೆ ಹುಡುಗರು. ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೆ ಬರೆದಿಡುತ್ತಿದ್ದೇನೆ. ಕೆಲವು ಕಡೆ ಕಥೆಯ ಗುಟ್ಟು ಹೊರಬೀಳುತ್ತದೆ, ಮೊದಲೇ ಹೇಳಿದ್ದೇನೆ, ಆಮೇಲೆ ಬೈಯಬೇಡಿ.

ಗುಪ್ತ ಪೊಲೀಸ್ ಅಂದರೂ ಬೇಹುಗಾರ ಸಂಸ್ಥೆ ಅಂದರೂ ಒಂದೇ ಅಲ್ವಾ?

ಅಲ್ಲ. ಇದೊಂದು ತಿಳಿದರೆ ಉಳಿದ ಅರ್ಧ ಗೊಂದಲ ತಾನಾಗಿ ಹೋಗುತ್ತದೆ.

ನಮ್ಮ ಹಳೆಯ ಕಥೆಗಳಲ್ಲೇ ಎರಡೂ ಇವೆ. ರಾಮಾಯಣದಲ್ಲಿ ಯುದ್ಧಕ್ಕೆ ಮೊದಲು ರಾವಣ ಶುಕ, ಸಾರಣ ಎಂಬ ಇಬ್ಬರನ್ನು ರಾಮನ ಪಾಳೆಯಕ್ಕೆ ಕಳಿಸುತ್ತಾನೆ, ಕಪಿಗಳ ವೇಷದಲ್ಲಿ. ವಿಭೀಷಣ ಕೂಡಲೇ ಗುರುತು ಹಿಡಿಯುತ್ತಾನೆ. ರಾಮ ಅವರನ್ನು ಕೊಲ್ಲುವುದಿಲ್ಲ. ಇನ್ನೂ ನೋಡುವುದು ಉಳಿದಿದ್ದರೆ ನೋಡಿಕೊಂಡು ಹೋಗಿ, ನಿಮ್ಮ ರಾಜನಿಗೆ ಹೇಳಿ ಅಂತ ಬಿಡುತ್ತಾನೆ. ಇದು ಬೇಹುಗಾರಿಕೆ. ಶತ್ರುವಿನ ಬಲ ಎಷ್ಟು ಅಂತ ನೋಡಿಕೊಂಡು ಬರುವುದು.

ಈಗ ಭವಭೂತಿಯ ಉತ್ತರರಾಮಚರಿತ ನಾಟಕಕ್ಕೆ ಬನ್ನಿ. ಅಲ್ಲಿ ದುರ್ಮುಖ ಎಂಬ ಚಾರ ಇದ್ದಾನೆ. ಊರಿನ ಜನ ಸೀತೆಯ ಬಗ್ಗೆ ಏನು ಆಡಿಕೊಳ್ಳುತ್ತಿದ್ದಾರೆ ಎಂದು ಕೇಳಿಸಿಕೊಂಡು ಬಂದು ರಾಮನ ಕಿವಿಗೆ ಹಾಕುವುದು ಅವನ ಕೆಲಸ. ಇಲ್ಲಿ ಶತ್ರು ಯಾರೂ ಇಲ್ಲ. ಕಿವಿ ಇಟ್ಟಿರುವುದು ಸ್ವಂತ ಪ್ರಜೆಗಳ ಮಾತಿಗೆ. ಇದಕ್ಕೆ ಒಂದು ಜೈಲು, ಒಂದು ವಿಚಾರಣೆ ಕೋಣೆ, ಯಾರನ್ನು ಬೇಕಾದರೂ ಹಿಡಿಯುವ ಅಧಿಕಾರ ಸೇರಿಸಿ, ಕೋರ್ಟಿನ ಭಯ ತೆಗೆದುಬಿಡಿ. ಹಿಟ್ಲರನ ಗೆಸ್ಟಾಪೊ ಬಂತು, ಪೂರ್ವ ಜರ್ಮನಿಯ ಸ್ಟಾಸಿ ಬಂತು.

ಹೊಸ ಸಿನಿಮಾ ನೋಡುವಾಗ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವರ ಕಣ್ಣು ಯಾರ ಮೇಲಿದೆ? ನಡುರಾತ್ರಿ ಬಂದು ಎತ್ತಿಕೊಂಡು ಹೋದರೆ ಕೇಳುವವರು ಇದ್ದಾರಾ? ಸ್ಟಾಸಿ ಎರಡೂ ಕೆಲಸ ಮಾಡುತ್ತಿತ್ತು ಅನ್ನುವುದು ಬೇರೆ ಮಾತು, ಹೊರದೇಶದ ಬೇಹಿಗೆ ಅದರಲ್ಲೇ ಒಂದು ವಿಭಾಗವಿತ್ತು.

ಕಾಲ್ಪನಿಕ ಗುಪ್ತ ಪೊಲೀಸರಲ್ಲಿ ಎಲ್ಲರಿಗಿಂತ ಭಯಂಕರ ಯಾರು?

ಜಾರ್ಜ್ ಆರ್ವೆಲ್ ಬರೆದ 1984 ಕಾದಂಬರಿಯ ಥಾಟ್ ಪೊಲೀಸ್, ಅಂದರೆ ವಿಚಾರ ಪೊಲೀಸರು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಪುಸ್ತಕ ಬಂದದ್ದು 1949ರಲ್ಲಿ. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿದ್ದ. ಮಗ ದೊಡ್ಡವನಾದ ಮೇಲೆ 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ. ಲಾಠಿ ಹಿಡಿದ ಕೈ ಬರೆದ ಪುಸ್ತಕ ಅದು, ದೂರದಿಂದ ನೋಡಿ ಬರೆದದ್ದಲ್ಲ.

ಅದರಲ್ಲಿ ಆಳುವ ಪಕ್ಷದವರ ಪ್ರತಿ ಮನೆಯ ಗೋಡೆಗೂ ಒಂದು ಪರದೆ. ನೀವು ಅದನ್ನು ನೋಡುತ್ತೀರಿ, ಅದೂ ನಿಮ್ಮನ್ನು ನೋಡುತ್ತದೆ. ಯಾವಾಗ ನೋಡುತ್ತದೆ ಅಂತ ಗೊತ್ತಾಗುವುದಿಲ್ಲ. ಇಪ್ಪತ್ತನಾಲ್ಕು ತಾಸೂ ಎಲ್ಲರನ್ನೂ ನೋಡಲು ಯಾವ ಸರ್ಕಾರಕ್ಕೂ ಜನ ಸಾಲುವುದಿಲ್ಲ. ನೋಡುತ್ತಿರಬಹುದು ಅನ್ನುವ ಗುಮಾನಿ ಇದ್ದರೆ ಸಾಕು, ನಿಮ್ಮನ್ನು ನೀವೇ ಕಾಯಲು ಶುರು ಮಾಡುತ್ತೀರಿ. ಚಿತ್ರಹಿಂಸೆ ನಡೆಯುವ ಇಲಾಖೆಯ ಹೆಸರು ಪ್ರೇಮ ಸಚಿವಾಲಯ. ಆ ಕಟ್ಟಡಕ್ಕೆ ಒಂದು ಕಿಟಕಿಯೂ ಇಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಪರದೆ ಅಲ್ಲ. ಇಬ್ಬರು ಸಾದಾ ಮನುಷ್ಯರು. ಒಬ್ಬ, ಹಳೇ ಸಾಮಾನಿನ ಅಂಗಡಿಯ ಮುದುಕ. ನಾಯಕ ವಿನ್‌ಸ್ಟನ್‌ಗೆ ಮೇಲಿನ ಕೋಣೆ ಬಾಡಿಗೆಗೆ ಕೊಡುತ್ತಾನೆ, ಹಳೆಯ ಪದ್ಯ ಹೇಳುತ್ತಾನೆ, ನಮ್ಮ ಪೇಟೆಯಲ್ಲಿ ಇಂಥ ಹತ್ತು ಮಂದಿ ಸಿಗುತ್ತಾರೆ. ಕೊನೆಗೆ ನೋಡಿದರೆ ಅವನೇ ವಿಚಾರ ಪೊಲೀಸ್, ಆ ಕೋಣೆಯ ಚಿತ್ರಪಟದ ಹಿಂದೆ ಪರದೆ ಮೊದಲಿನಿಂದಲೂ ಇತ್ತು. ಇನ್ನೊಬ್ಬ, ಪಕ್ಕದ ಮನೆಯ ಪಾರ್ಸನ್ಸ್. ಸರ್ಕಾರದ ಪರಮಭಕ್ತ. ನಿದ್ದೆಯಲ್ಲಿ ದೇಶದ ನಾಯಕನಿಗೆ ಧಿಕ್ಕಾರ ಅಂತ ಬಡಬಡಿಸಿದ್ದನ್ನು ಅವನ ಏಳು ವರ್ಷದ ಮಗಳು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಪೊಲೀಸರಿಗೆ ಹೇಳಿಬಿಡುತ್ತಾಳೆ. ಜೈಲಿನಲ್ಲಿ ಕೂತು ಆ ತಂದೆ ಏನು ಹೇಳುತ್ತಾನೆ ಗೊತ್ತಾ? ಮಗಳ ಬಗ್ಗೆ ಹೆಮ್ಮೆ ಇದೆ ಅಂತಾನೆ. ಅಲ್ಲಿ ಪುಸ್ತಕ ಮುಚ್ಚಿಟ್ಟು ಚಹಾ ಕುಡಿಯಲು ಹೋಗಿದ್ದೆ.

ಹಾಗಾದರೆ ಬಿಗ್ ಬಾಸ್‌ಗೂ ಈ ಪುಸ್ತಕಕ್ಕೂ ಸಂಬಂಧ ಇದೆಯಾ?

ಇದೆ. ಪುಸ್ತಕದಲ್ಲಿ ಎಲ್ಲರನ್ನೂ ನೋಡುವ ನಾಯಕನ ಹೆಸರು ಬಿಗ್ ಬ್ರದರ್. ಆ ಹೆಸರಿನಲ್ಲಿ 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಟಿವಿ ಶೋ ಶುರುವಾಯಿತು. ಅದೇ ಹಿಂದಿಗೆ 2006ರಲ್ಲಿ ಬಿಗ್ ಬಾಸ್ ಆಗಿ ಬಂತು, ಕನ್ನಡಕ್ಕೆ 2013ರಲ್ಲಿ. ಆರ್ವೆಲ್ ಹೆದರಿಸಲು ಬರೆದದ್ದನ್ನು ನಾವು ರಾತ್ರಿ ಊಟದ ಜೊತೆ ನೋಡುತ್ತೇವೆ, ಆ ಮನೆಯೊಳಗೆ ಹೋಗಲು ಜನ ಸಾಲುಗಟ್ಟುತ್ತಾರೆ.

ಬಾಂಡ್ ಸಿನಿಮಾದ ಸಂಸ್ಥೆಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಎಂಐ-6, ಅಂದರೆ ಬ್ರಿಟನ್ನಿನ ಹೊರದೇಶದ ಬೇಹು ಸಂಸ್ಥೆ, ನಿಜ. 1909ರಲ್ಲಿ ಶುರುವಾದದ್ದು. ಆದರೆ ಹಾಗೊಂದು ಸಂಸ್ಥೆ ಇದೆ ಎಂದು ಬ್ರಿಟನ್ ಕಾನೂನಿನಲ್ಲಿ ಒಪ್ಪಿಕೊಂಡದ್ದು 1994ರಲ್ಲಿ. ಅಷ್ಟು ಹೊತ್ತಿಗೆ ಬಾಂಡ್ ಸಿನಿಮಾ ನೋಡಿದ ಎಲ್ಲರಿಗೂ ಅದು ಗೊತ್ತಿತ್ತು! ಸಿನಿಮಾದಲ್ಲಿ ಮುಖ್ಯಸ್ಥರನ್ನು ಎಂ ಅನ್ನುತ್ತಾರೆ. ನಿಜದಲ್ಲಿ ಸಿ. ಮೊದಲ ಮುಖ್ಯಸ್ಥ ಮ್ಯಾನ್ಸ್‌ಫೀಲ್ಡ್ ಕಮ್ಮಿಂಗ್ ಹಸಿರು ಶಾಯಿಯಲ್ಲಿ ಸಿ ಅಂತ ಸಹಿ ಹಾಕುತ್ತಿದ್ದ, ಅದೇ ಪದ್ಧತಿ ಉಳಿಯಿತು. ನಮ್ಮಲ್ಲಿ ಗೆಜೆಟೆಡ್ ಅಧಿಕಾರಿಯ ಹಸಿರು ಸಹಿಗೆ ಎಷ್ಟು ಬೆಲೆ ಅಂತ ಝೆರಾಕ್ಸ್ ಅಂಗಡಿಯವನಿಗೆ ಹೇಳಬೇಕಾ.

ಸ್ಮರ್ಶ್ ಕೂಡ ನಿಜ. ಇದನ್ನು ಕೇಳಿ ಹುಡುಗರು ಬೆಚ್ಚಿಬೀಳುತ್ತಾರೆ. ರಷ್ಯನ್ ಭಾಷೆಯಲ್ಲಿ ಬೇಹುಗಾರರಿಗೆ ಸಾವು ಎನ್ನುವ ಮಾತಿನ ಚಿಕ್ಕ ರೂಪ ಅದು. ಸ್ಟಾಲಿನ್ ಕಾಲದಲ್ಲಿ 1943ರಲ್ಲಿ ಹುಟ್ಟಿ 1946ರಲ್ಲಿ ಮುಚ್ಚಿಹೋಯಿತು. ಇಯಾನ್ ಫ್ಲೆಮಿಂಗ್ ತನ್ನ ಮೊದಲ ಬಾಂಡ್ ಕಾದಂಬರಿ ತಂದದ್ದು 1953ರಲ್ಲಿ, ಸತ್ತ ಸಂಸ್ಥೆಗೆ ಮತ್ತೆ ಜೀವ ಕೊಟ್ಟು ಖಳನಾಯಕನನ್ನಾಗಿ ಮಾಡಿದ. ಮಹಾಯುದ್ಧದ ಕಾಲದಲ್ಲಿ ಅವನೇ ನೌಕಾಪಡೆಯ ಬೇಹು ವಿಭಾಗದಲ್ಲಿ ಕೆಲಸ ಮಾಡಿದ್ದ.

ಸ್ಪೆಕ್ಟರ್ ಎಂಬ ಅಪರಾಧಿಗಳ ಜಾಲ ಮಾತ್ರ ಪೂರ್ತಿ ಕಟ್ಟುಕಥೆ. 1961ರ ಥಂಡರ್‌ಬಾಲ್ ಕಾದಂಬರಿಯಲ್ಲಿ ಬಂತು. 1962ರಲ್ಲಿ ಮೊದಲ ಸಿನಿಮಾ ಡಾಕ್ಟರ್ ನೋ ಮಾಡುವಾಗ, ಕಾದಂಬರಿಯಲ್ಲಿ ರಷ್ಯಾದವರ ಜೊತೆ ಇದ್ದ ಖಳನನ್ನು ಸ್ಪೆಕ್ಟರ್‌ಗೆ ಸೇರಿಸಿದರು. ಜಾಣತನ. ಯಾವ ದೇಶಕ್ಕೂ ಸೇರದ ಶತ್ರು ಇದ್ದರೆ ಎಲ್ಲ ದೇಶದಲ್ಲೂ ಟಿಕೆಟ್ ಮಾರಬಹುದು.

ಭಾರತದ ಮಟ್ಟಿಗೆ ಒಂದು ತಮಾಷೆ. 1983ರ ಆಕ್ಟೋಪುಸಿ ಉದಯಪುರದಲ್ಲಿ ಚಿತ್ರೀಕರಣ ಆಯಿತು. ಅದರಲ್ಲಿ ಬಾಂಡ್‌ಗೆ ಇಲ್ಲಿ ಸಹಾಯ ಮಾಡುವ ಮನುಷ್ಯನಾಗಿ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ನಟಿಸಿದ್ದಾರೆ, ಪಾತ್ರದ ಹೆಸರೂ ವಿಜಯ್. ಆಟೋರಿಕ್ಷಾ ಓಡಿಸುತ್ತಾರೆ, ರೌಡಿಗಳನ್ನು ಟೆನಿಸ್ ರ‍್ಯಾಕೆಟ್‌ನಿಂದ ಹೊಡೆಯುತ್ತಾರೆ. ಬೇಹುಗಾರಿಕೆ ಅಂದರೆ ಹೀಗಲ್ಲ, ಆದರೆ ನೋಡಲು ಮಜಾ ಇದೆ.

ಅಣ್ಣಾವ್ರು ಸಿಐಡಿ 999 ಆಗಿದ್ದರಲ್ಲ, ಅದು ಯಾವ ಸಂಸ್ಥೆ?

ಈ ಪ್ರಶ್ನೆ ಕೇಳುವವರು ಹುಡುಗರಲ್ಲ, ಅವರ ಅಪ್ಪಂದಿರು.

1968ರಲ್ಲಿ ಜೇಡರ ಬಲೆ ಬಂತು, ದೊರೈ-ಭಗವಾನ್ ಜೋಡಿ ನಿರ್ದೇಶನ. ಡಾಕ್ಟರ್ ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್. ಅದೇ ವರ್ಷ ಗೋವಾದಲ್ಲಿ ಸಿಐಡಿ 999, ಮರುವರ್ಷ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, ಆಮೇಲೆ 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ಇಡೀ ಹಾಡು ಇಂಗ್ಲಿಷ್‌ನಲ್ಲಿ ಇರುವ ಇಫ್ ಯು ಕಮ್ ಟುಡೇ ಈ ಕೊನೆಯದರದ್ದೇ, ಮೊಬೈಲ್‌ನಲ್ಲಿ ಇವತ್ತಿಗೂ ಓಡುತ್ತಿದೆ. ಬಾಂಡ್ ಅಲೆ ಬಂದಾಗ ಕನ್ನಡ ಹಿಂದೆ ಬಿದ್ದಿರಲಿಲ್ಲ ಅನ್ನುವುದಕ್ಕೆ ನಾಲ್ಕು ಸಾಕ್ಷಿ ಇವು.

ಈಗ ತಕರಾರು. ಸಿಐಡಿ ಗುಪ್ತ ಸಂಸ್ಥೆಯೇ ಅಲ್ಲ. ಅದು ರಾಜ್ಯ ಪೊಲೀಸಿನ ಅಪರಾಧ ತನಿಖಾ ವಿಭಾಗ, ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಬೋರ್ಡು ಹಾಕಿಕೊಂಡು ಕೂತಿದೆ. ದೊಡ್ಡ ಕೇಸುಗಳ ತನಿಖೆ ಮಾಡುತ್ತದೆ, ಕೋರ್ಟಿಗೆ ಚಾರ್ಜ್‌ಶೀಟ್ ಹಾಕುತ್ತದೆ. ಗುಟ್ಟಾಗಿ ಕಿವಿಗೊಡುವ ಕೆಲಸ ರಾಜ್ಯ ಗುಪ್ತವಾರ್ತೆಯದ್ದು. ಆದರೆ 'ಗುಪ್ತವಾರ್ತೆ 999' ಅಂತ ಪೋಸ್ಟರ್ ಹಾಕಿದರೆ ಯಾರು ಬರುತ್ತಾರೆ ಹೇಳಿ? ಸಿಐಡಿ ಅನ್ನೋ ಮೂರಕ್ಷರದಲ್ಲೇ ಒಂದು ಗತ್ತು ಇತ್ತು. 1998ರಲ್ಲಿ ಹಿಂದಿ ಟಿವಿಯಲ್ಲಿ ಸಿಐಡಿ ಶುರುವಾದ ಮೇಲಂತೂ ನಮ್ಮ ಓಣಿಯಲ್ಲಿ ಬಾಗಿಲು ಅಂಟಿಕೊಂಡರೆ ಎಲ್ಲರೂ ಅದರಲ್ಲಿ ಬಾಗಿಲು ಒಡೆಯುವ ದಯಾನನ್ನೇ ಕರೆಯುತ್ತಾರೆ.

ಗುಪ್ತ ಅಂದ ಕೂಡಲೇ ನೆನಪಾಯಿತು. ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಗೆ ಒಂದು ಮನವಿ ಪತ್ರ ಕೊಡಲು ಹೋದವರ ಜೊತೆ ನಾನೂ ಹೋಗಿದ್ದೆ. ಸುವರ್ಣ ವಿಧಾನಸೌಧದ ಕಡೆ ರಸ್ತೆಯಲ್ಲಿ ಚಹಾದಂಗಡಿ ಹತ್ತಿರ ಮಫ್ತಿಯವರು ನಿಂತಿದ್ದರು. ಟೀ ಶರ್ಟು, ಕೈಯಲ್ಲಿ ಚುರುಮುರಿ, ಎಲ್ಲ ಸರಿ. ಕಾಲಿಗೆ ಮಾತ್ರ ಕಂದು ಬಣ್ಣದ ಪಾಲಿಶ್ ಬೂಟು. ಅಂಗಡಿಯವನು ಕೇಳಿಯೇಬಿಟ್ಟ, "ಸಾಹೇಬ್ರ, ಚಹಾಕ್ಕ ಸಕ್ಕರಿ ಕಮ್ಮಿ ಹಾಕ್ಲೇನ್ರಿ?"

ಮಿಷನ್ ಇಂಪಾಸಿಬಲ್‌ನ ಐಎಂಎಫ್, ಸಾಲ ಕೊಡುವ ಐಎಂಎಫ್ ಎರಡೂ ಒಂದೇನಾ?

ಅಲ್ಲಪ್ಪ. ಪರೀಕ್ಷೆಯಲ್ಲಿ ಹೀಗೆ ಬರೆದು ಬರಬೇಡಿ. ಸಿನಿಮಾದ್ದು 1966ರ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಹುಟ್ಟಿದ ಕಾಲ್ಪನಿಕ ತಂಡ. ಇನ್ನೊಂದು ವಾಷಿಂಗ್ಟನ್‌ನಲ್ಲಿರುವ ಹಣಕಾಸು ನಿಧಿ.

ಹಿಂದಿ ಸಿನಿಮಾದಲ್ಲಿ ತೋರಿಸುವ ರಾ ಎಷ್ಟು ನಿಜ?

ಹೆಸರು ನಿಜ. ಉಳಿದದ್ದರಲ್ಲಿ ಹತ್ತಕ್ಕೆ ಒಂದೆರಡು.

ರಾ, ಅಂದರೆ ಹೊರದೇಶದ ಬೇಹು ನೋಡುವ ನಮ್ಮ ಸಂಸ್ಥೆ, ಶುರುವಾದದ್ದು 1968ರ ಸೆಪ್ಟೆಂಬರ್ 21ರಂದು, ಮೊದಲ ಮುಖ್ಯಸ್ಥರು ಆರ್. ಎನ್. ಕಾವ್. ಅದಕ್ಕೂ ಮೊದಲು ಒಳಗಿನದು ಹೊರಗಿನದು ಎರಡನ್ನೂ ಐಬಿ, ಅಂದರೆ ಇಂಟೆಲಿಜೆನ್ಸ್ ಬ್ಯೂರೋ, ನೋಡಿಕೊಳ್ಳುತ್ತಿತ್ತು, ಆ ಸಂಸ್ಥೆಯ ಬೇರು 1887ಕ್ಕೆ ಹೋಗುತ್ತದೆ. ರಾ ಇರುವುದು ಸಂಪುಟ ಕಾರ್ಯಾಲಯದ ಕೆಳಗೆ. ಮಾಹಿತಿ ಹಕ್ಕು ಅರ್ಜಿ ಹಾಕಿದರೆ ಸಾಮಾನ್ಯವಾಗಿ ಉತ್ತರ ಕೊಡಬೇಕಾಗಿಲ್ಲ, ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ದೂರು ಬಿಟ್ಟು. ಇನ್ನೂ ಮುಖ್ಯವಾದದ್ದು, ರಾ ಆಗಲಿ ಐಬಿ ಆಗಲಿ ಯಾರನ್ನೂ ಬಂಧಿಸುವಂತಿಲ್ಲ. ಅದಕ್ಕೆ ಪೊಲೀಸರೇ ಬರಬೇಕು. ಮೇಲೆ ಹೇಳಿದ ಎರಡನೇ ಪ್ರಶ್ನೆ ನೆನಪಿದೆಯಲ್ಲ?

ಏಕ್ ಥಾ ಟೈಗರ್ 2012ರಲ್ಲಿ ಬಂದ ಮೇಲೆ ರಾ ಏಜೆಂಟ್ ಅಂದರೆ ಮೈಕಟ್ಟು, ಬೈಕು, ಹೆಲಿಕಾಪ್ಟರ್. 2023ರ ಪಠಾಣ್‌ನಲ್ಲಿ ಜೆಓಸಿಆರ್ ಅಂತ ಹೊಸ ಸಂಸ್ಥೆಯನ್ನೇ ಹುಟ್ಟಿಸಿದರು. ಗಾಯಗೊಂಡು ಮೂಲೆಗೆ ಬಿದ್ದ ಏಜೆಂಟರನ್ನು ಕೂಡಿಸಿ ಮಾಡಿದ ಪಡೆ. ಆ ಐಡಿಯಾ ನನಗೆ ಇಷ್ಟವಾಯಿತು, ಸಿನಿಮಾ ಅದನ್ನು ಐದು ನಿಮಿಷದಲ್ಲಿ ಮರೆತು ಹಾರಾಟಕ್ಕೆ ಇಳಿಯಿತು. ಇದಕ್ಕಿಂತ 2019ರ ದಿ ಫ್ಯಾಮಿಲಿ ಮ್ಯಾನ್‌ನ ಟಾಸ್ಕ್ ಚೆನ್ನಾಗಿದೆ. ಎನ್‌ಐಎ, ಅಂದರೆ ರಾಷ್ಟ್ರೀಯ ತನಿಖಾ ದಳದ ಒಳಗಿನ ಒಂದು ಕಾಲ್ಪನಿಕ ಶಾಖೆ. ಎನ್‌ಐಎ ಮಾತ್ರ ನಿಜ, ಮುಂಬೈ ದಾಳಿಯ ನಂತರ 2008ರ ಕೊನೆಗೆ ಅದಕ್ಕೆ ಕಾಯ್ದೆ ಆಯಿತು. ಆ ಸರಣಿಯ ನಾಯಕ ಮನೆಯಲ್ಲಿ ಸರ್ಕಾರಿ ಆಫೀಸಿನ ಫೈಲು ತಳ್ಳುವ ಕೆಲಸ ಅಂತ ಹೇಳಿಕೊಂಡಿರುತ್ತಾನೆ. ಹೆಂಡತಿಗೆ ಸಿಟ್ಟು, ಮಕ್ಕಳಿಗೆ ಅಪ್ಪ ಅಂದರೆ ಅಷ್ಟಕ್ಕಷ್ಟೆ. ಸರ್ಕಾರಿ ನೌಕರ ಅಂದರೆ ಹಾಗೇ ಅಲ್ವಾ!

ಓಡಾಟಕ್ಕಿಂತ ಯೋಚನೆ ದೊಡ್ಡದು ಅಂತ ಹೇಳಲು ನಾನು ವಿರಾಟಪರ್ವ ಹಿಡಿಯುತ್ತೇನೆ. ಅಜ್ಞಾತವಾಸದಲ್ಲಿದ್ದ ಪಾಂಡವರನ್ನು ಹುಡುಕಲು ದುರ್ಯೋಧನ ದಿಕ್ಕುದಿಕ್ಕಿಗೆ ಬೇಹಿನವರನ್ನು ಅಟ್ಟಿದ. ಎಲ್ಲರೂ ಬರಿಗೈಲಿ ಬಂದರು. ಆದರೆ ವಿರಾಟನಗರಿಯಲ್ಲಿ ಕೀಚಕ ರಾತ್ರಿ ಹೊತ್ತು ಸತ್ತ, ಯಾರೋ ಗಂಧರ್ವರು ಕೊಂದರಂತೆ ಎಂಬ ಸುದ್ದಿ ಮಾತ್ರ ಬಂತು. ಕೀಚಕನಂಥವನನ್ನು ಬರಿಗೈಯಲ್ಲಿ ಕೊಲ್ಲುವ ತಾಕತ್ತು ಎಷ್ಟು ಜನರಿಗಿದೆ? ಅವರಲ್ಲಿ ಭೀಮ ಒಬ್ಬ. ಹಾಗಾದರೆ ಪಾಂಡವರು ಅಲ್ಲೇ ಇರಬೇಕು. ನಮ್ಮ ಕಡೆ ಭಾರತ ಹೇಳುವವರು ಈ ಜಾಗವನ್ನು ಬಹಳ ರಸವತ್ತಾಗಿ ಹೇಳುತ್ತಾರೆ. ಹುಡುಕಲು ಹೋದವರಿಗೆ ಸಿಗದದ್ದು ಕೂತು ಲೆಕ್ಕ ಹಾಕಿದವರಿಗೆ ಸಿಕ್ಕಿತು.

ಯಾವ ಕಥೆ ನಿಜಕ್ಕೆ ಹತ್ತಿರ? ಒಂದು ಹೇಳಿ ಸಾಕು.

ಒಂದಕ್ಕೆ ನಿಲ್ಲುವುದು ಕಷ್ಟ, ಎರಡು ಹೇಳುತ್ತೇನೆ.

ಮೊದಲನೆಯದು ಜಾನ್ ಲೆ ಕಾರೆ ಬರೆದ ಸರ್ಕಸ್. ಸರ್ಕಸ್ ಅಂದರೆ ಹುಲಿ ಆನೆ ಅಲ್ಲ, ಲಂಡನ್ನಿನ ಕೇಂಬ್ರಿಜ್ ಸರ್ಕಸ್ ಎಂಬ ವೃತ್ತದ ಬಳಿ ಆಫೀಸು ಇದೆ ಅಂತ ಬ್ರಿಟಿಷ್ ಬೇಹು ಸಂಸ್ಥೆಗೆ ಆತ ಇಟ್ಟ ಹೆಸರು. ಲೇಖಕನ ನಿಜವಾದ ಹೆಸರು ಡೇವಿಡ್ ಕಾರ್ನ್‌ವೆಲ್, ಬ್ರಿಟನ್ ಒಳಗಿನ ಭದ್ರತೆ ನೋಡುವ ಎಂಐ-5 ಮತ್ತು ಎಂಐ-6 ಎರಡರಲ್ಲೂ ಕೆಲಸ ಮಾಡಿದವನು. 1974ರ ಟಿಂಕರ್ ಟೇಲರ್ ಸೋಲ್ಜರ್ ಸ್ಪೈ ಕಾದಂಬರಿಯಲ್ಲಿ ನಾಯಕ ಸ್ಮೈಲಿ, ದಪ್ಪ ಕನ್ನಡಕದ ನಿವೃತ್ತ ಮನುಷ್ಯ. ಗುಂಡು ಹಾರಿಸುವುದಿಲ್ಲ. ಒಂದು ಸಣ್ಣ ಹೋಟೆಲ್ ರೂಮಿನಲ್ಲಿ ಕೂತು ಹಳೇ ಫೈಲು ಓದುತ್ತಾನೆ. ಇಡೀ ಪುಸ್ತಕದ ಅತಿ ರೋಚಕ ಜಾಗ ಯಾವುದು ಗೊತ್ತಾ? ರೆಕಾರ್ಡ್ ರೂಮಿನಿಂದ ಒಂದು ಫೈಲು ಹೊರಗೆ ತರುವುದು! ಕಾಗದದ ನಡುವೆ ಬದುಕುವ ನನ್ನಂಥವನಿಗೆ ಎದೆ ಡವಡವ ಅಂದಿತು, ಮನೆಯವರಿಗೆ ನಗು.

ಒಳಗೇ ಇದ್ದು ಶತ್ರುವಿಗೆ ಕೆಲಸ ಮಾಡುವವನಿಗೆ ಮೋಲ್ ಅನ್ನುವ ಪದ ಜನರ ಬಾಯಿಗೆ ಬಂದದ್ದು ಈ ಕಾದಂಬರಿಗಳಿಂದ. ಮೋಲ್ ಅಂದರೆ ನೆಲ ಕೊರೆಯುವ ಒಂದು ಪ್ರಾಣಿ, ನಮ್ಮಲ್ಲಿ ಹೆಗ್ಗಣ ಅಂದರೆ ಹತ್ತಿರ ಬರುತ್ತದೆ. ಇದರ ಹಿಂದೆ ನಿಜವಾದ ಹೆಗ್ಗಣವೂ ಇತ್ತು. ಕಿಮ್ ಫಿಲ್ಬಿ, ಎಂಐ-6ನಲ್ಲಿ ರಷ್ಯಾ ವಿರೋಧಿ ವಿಭಾಗದ ಮುಖ್ಯಸ್ಥನಾಗಿದ್ದವನು, ಒಳಗಿಂದೊಳಗೆ ರಷ್ಯಾದವರ ಮನುಷ್ಯ. 1963ರಲ್ಲಿ ಮಾಸ್ಕೋಗೆ ಓಡಿಹೋದ. ಅವನು ಹುಟ್ಟಿದ್ದು ನಮ್ಮ ಅಂಬಾಲಾದಲ್ಲಿ, 1912ರಲ್ಲಿ. ಕಿಮ್ ಎನ್ನುವ ಅಡ್ಡಹೆಸರು ಕಿಪ್ಲಿಂಗನ 1901ರ ಕಾದಂಬರಿಯ ಹುಡುಗನಿಂದ ಬಂದದ್ದು. ಆ ಹುಡುಗನೂ ಬೇಹುಗಾರನೇ! ಅದರಲ್ಲಿ ಸರ್ವೆ ಮಾಡುವವರ ಸೋಗಿನಲ್ಲಿ ಬೇಹು ನಡೆಯುತ್ತದೆ, ಅದೂ ಗಾಳಿಯಲ್ಲಿ ಕಟ್ಟಿದ್ದಲ್ಲ. 1865ರಲ್ಲಿ ಹೊರಟು ಲಾಸಾ ಮುಟ್ಟಿದ ನೈನ್ ಸಿಂಗ್ ರಾವತ್ ಎಂಬ ಕುಮಾವೂಂ ಮೇಷ್ಟ್ರು, ಯಾತ್ರಿಕನ ವೇಷದಲ್ಲಿ ಹೆಜ್ಜೆ ಎಣಿಸುತ್ತ ಟಿಬೆಟ್ ಅಳೆದು ಬಂದರು. ಜಪಮಾಲೆಯಲ್ಲಿ 108ರ ಬದಲು 100 ಮಣಿ, ನೂರು ಹೆಜ್ಜೆಗೆ ಒಂದು ಮಣಿ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಜಾಗದಲ್ಲಿ ಲೆಕ್ಕದ ಚೀಟಿ. ಇದನ್ನು ಸಿನಿಮಾ ಮಾಡಿದರೆ ನಾನು ಮೊದಲ ದಿನ ಮೊದಲ ಆಟಕ್ಕೆ ಹೋಗುತ್ತೇನೆ.

ಎರಡನೆಯದು 2006ರ ಜರ್ಮನ್ ಸಿನಿಮಾ ದಿ ಲೈವ್ಸ್ ಆಫ್ ಅದರ್ಸ್. ಸ್ಟಾಸಿ ಅಧಿಕಾರಿಯೊಬ್ಬ ನಾಟಕಕಾರನ ಮನೆಯ ಅಟ್ಟದಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ ಅವರ ಊಟ, ಜಗಳ, ಪ್ರೀತಿ ಎಲ್ಲ ಟೈಪ್ ಮಾಡುತ್ತಾನೆ. ಅಷ್ಟೇ ಕಥೆ. ಆಸ್ಕರ್ ಸಿಕ್ಕಿತು. ಕೊನೆಯ ಎರಡು ನಿಮಿಷ ಹೇಳುವುದಿಲ್ಲ, ನೋಡಿ.

ನಿಜವಾದ ಸ್ಟಾಸಿ ಇದಕ್ಕಿಂತ ದೊಡ್ಡದು. 1.6 ಕೋಟಿ ಜನರ ದೇಶಕ್ಕೆ 1989ರಲ್ಲಿ ಸುಮಾರು 91,000 ಸಿಬ್ಬಂದಿ, ಅದರ ಮೇಲೆ ಸುಮಾರು 1.89 ಲಕ್ಷ ಮಾಹಿತಿದಾರರು. ಜನರ ಮೈವಾಸನೆಯ ಬಟ್ಟೆ ಚೂರನ್ನು ಬಾಟಲಿಯಲ್ಲಿ ಉಪ್ಪಿನಕಾಯಿ ಹಾಗೆ ಮುಚ್ಚಿಡುತ್ತಿದ್ದರು, ನಾಯಿಗೆ ಮೂಸಿಸಲು. ಅವರು ಬಿಟ್ಟುಹೋದ ಕಾಗದ ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಸುಮಾರು 111 ಕಿಲೋಮೀಟರ್. ವಿಜಯಪುರದಿಂದ ಸೊಲ್ಲಾಪುರ ದಾಟಿ ಹೋಗುವಷ್ಟು ಉದ್ದ ಬರೀ ಫೈಲು! ಆ ಮಾಹಿತಿದಾರರಲ್ಲಿ ಹೆಚ್ಚಿನವರು ಪಕ್ಕದ ಮನೆಯವರು, ಜೊತೆ ಕೆಲಸದವರು, ಗೆಳೆಯರು. ಗಂಡ ಹೆಂಡತಿಯ ಬಗ್ಗೆ ಬರೆದುಕೊಟ್ಟದ್ದೂ ಇದೆ.

ಬಾಹ್ಯಾಕಾಶದ ಕಥೆಗಳಲ್ಲಿ ಗುಪ್ತ ಪೊಲೀಸರು ಯಾಕೆ ಬೇಕು?

ಮನುಷ್ಯನ ಬುದ್ಧಿ ನಕ್ಷತ್ರಕ್ಕೆ ಹೋದರೂ ಬಿಡುವುದಿಲ್ಲ, ಅದಕ್ಕೆ. ಸ್ಟಾರ್ ಟ್ರೆಕ್‌ನಲ್ಲಿ ರೋಮ್ಯುಲನ್ನರಿಗೆ ಟಾಲ್ ಶಿಯಾರ್, ಕಾರ್ಡಾಸಿಯನ್ನರಿಗೆ ಒಬ್ಸಿಡಿಯನ್ ಆರ್ಡರ್. ಎಲ್ಲ ಸರಿಯಿದೆ ಅಂದುಕೊಂಡ ಒಳ್ಳೆಯವರಿಗೂ ಸೆಕ್ಷನ್ 31 ಅಂತ ಗುಟ್ಟಿನ ಗುಂಪು ಇರುತ್ತದೆ, ಅದೇ ನನಗೆ ಜಾಸ್ತಿ ಹಿಡಿಸಿದ್ದು. ಸ್ಟಾರ್ ವಾರ್ಸ್ ಲೋಕದ 2022ರ ಆಂಡೋರ್ ಸರಣಿಯಲ್ಲಿ ಸಾಮ್ರಾಜ್ಯದ ಗುಪ್ತ ಪೊಲೀಸ್ ಐಎಸ್‌ಬಿ ಇವೆಲ್ಲಕ್ಕಿಂತ ಗಟ್ಟಿ. ಬಿಳಿ ಕೋಟು, ಬಿಳಿ ಮೇಜು, ಬೆಳಿಗ್ಗೆ ಮೀಟಿಂಗು. ಡೆಡ್ರಾ ಎಂಬ ಅಧಿಕಾರಿಣಿ ಬೇರೆ ಬೇರೆ ಕಡೆಯ ಕಳವಿನ ವರದಿಗಳನ್ನು ಪಕ್ಕಪಕ್ಕ ಇಟ್ಟು ಇದರ ಹಿಂದೆ ಒಬ್ಬರೇ ಇದ್ದಾರೆ ಅಂತ ಕಂಡುಹಿಡಿಯುತ್ತಾಳೆ. ಪಕ್ಕದ ಅಧಿಕಾರಿ, ಅದು ನನ್ನ ವ್ಯಾಪ್ತಿ, ನೀನ್ಯಾಕೆ ಕೈ ಹಾಕಿದೆ ಅಂತ ದೂರು ಕೊಡುತ್ತಾನೆ. ತಾಲೂಕು ಕಚೇರಿಗೆ ಅಲೆದವರಿಗೆ ಇದು ಬಾಹ್ಯಾಕಾಶ ಅನ್ನಿಸುವುದೇ ಇಲ್ಲ.

ಬೇಹುಗಾರರು ಯಾವಾಗಲೂ ಟೇಲರ್ ಯಾಕೆ ಆಗಿರುತ್ತಾರೆ?

ಒಬ್ಬ ಹುಡುಗಿ ಕೇಳಿದ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಸ್ಟಾರ್ ಟ್ರೆಕ್‌ನ ಗ್ಯಾರಕ್ ಟೇಲರ್. 2014ರ ಕಿಂಗ್ಸ್‌ಮನ್ ಸಿನಿಮಾದ ಬೇಹುಗಾರರ ಕಚೇರಿ ಲಂಡನ್ನಿನ ಟೇಲರ್ ಅಂಗಡಿ. ಅಳತೆ ಕೊಡುವಾಗ ಜನ ಸುಮ್ಮನೆ ನಿಲ್ಲುವುದಿಲ್ಲ, ಮಾತಾಡುತ್ತಾರೆ.

ಇದರ ಮೂಲ ಲೆಕ್ಕ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಬೇಹುಗಾರನಿಗೆ ಯಾವ ಸೋಗು ಹಾಕಿಸಬೇಕು ಅಂತ ಪಟ್ಟಿಯೇ ಕೊಟ್ಟಿದ್ದಾನೆ: ವಿದ್ಯಾರ್ಥಿ, ವ್ರತ ಬಿಟ್ಟ ಸನ್ಯಾಸಿ, ಬೆಳೆ ಕೈಕೊಟ್ಟ ಒಕ್ಕಲಿಗ, ನಷ್ಟಕ್ಕೆ ಬಿದ್ದ ವ್ಯಾಪಾರಿ, ತಪಸ್ವಿ, ಭಿಕ್ಷುಕಿ. ತಪಸ್ವಿಯದ್ದಂತೂ ನಗು ಬರುತ್ತದೆ. ಎಲ್ಲರ ಎದುರಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪು ತಿನ್ನಬೇಕು, ಗುಟ್ಟಾಗಿ ಬೇಕಾದ್ದು ತಿನ್ನಬಹುದು, ಶಿಷ್ಯರು ಊರೆಲ್ಲ ಮಹಿಮೆ ಸಾರಬೇಕು. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಅದೇ ಸುದ್ದಿ ತಂದರೆ ಮಾತ್ರ ನಂಬು ಅನ್ನುತ್ತಾನೆ. ವಾಟ್ಸಾಪ್ ಗುಂಪಿನವರು ಇದನ್ನು ಪ್ರಿಂಟ್ ಹಾಕಿಸಿಕೊಳ್ಳಬೇಕು, ಅರ್ಧ ರೇಟಿಗೆ ಕೊಡುತ್ತೇನೆ.

ಕಳೆದುಹೋಗಿದ್ದ ಈ ಗ್ರಂಥದ ಓಲೆಗರಿ 1905ರಲ್ಲಿ ಸಿಕ್ಕಿದ್ದು ಮೈಸೂರಿನ ಆರ್. ಶಾಮಾಶಾಸ್ತ್ರಿಗಳಿಗೆ, 1909ರಲ್ಲಿ ಅಚ್ಚಾಯಿತು. ಚಾಣಕ್ಯನ ಬೇಹಿನ ಕಥೆ ಕನ್ನಡಕ್ಕೆ ಅದಕ್ಕೂ ಮೊದಲೇ ಬಂದಿತ್ತು, ಕೆಂಪುನಾರಾಯಣನ ಮುದ್ರಾಮಂಜೂಷ, 1823. ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಕಥೆಯನ್ನು ಹಿಡಿದು ಬರೆದದ್ದು. ಆ ನಾಟಕದ ಬೇಹುಗಾರ ಯಮನ ಚಿತ್ರಪಟ ಹಿಡಿದು ಹಾಡುತ್ತ ಮನೆ ಮನೆ ಸುತ್ತಿ ಶತ್ರು ಮಂತ್ರಿಯ ಮುದ್ರೆಯುಂಗುರ ಹೊಡೆದುಕೊಂಡು ಬರುತ್ತಾನೆ. ಬಾಂಡ್‌ಗೆ ಇಂಥ ಸೋಗು ಹೊಳೆಯುತ್ತಿತ್ತಾ?

ನಮ್ಮ ಕಡೆಯದೇ ಕಥೆ ಏನಾದರೂ ಇದೆಯಾ?

ಬೇಹುಗಾರರದ್ದಕ್ಕಿಂತ ಫಿತೂರಿಯವರದ್ದು ಜಾಸ್ತಿ ಇದೆ. ಕಿತ್ತೂರು ಬಿದ್ದ ಮೇಲೂ ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸೈನ್ಯ ನೇರವಾಗಿ ಹಿಡಿಯಲು ಆಗಲಿಲ್ಲ. ನಮ್ಮವರೇ ಸುಳಿವು ಕೊಟ್ಟರು. ಹಳ್ಳಕ್ಕೆ ಸ್ನಾನಕ್ಕೆ ಇಳಿದಾಗ, ಕತ್ತಿ ಕೈಯಲ್ಲಿ ಇಲ್ಲದಾಗ ಹಿಡಿದರು ಅಂತ ಜನಪದ ಹೇಳುತ್ತದೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಬೆಳಗಾವಿ ಸೀಮೆಯಲ್ಲಿ ಈ ಆಟ ಆಡುವಾಗ ಹಿಡಿದುಕೊಟ್ಟವನ ಪಾತ್ರ ಮಾಡಿದವನಿಗೆ ಜನ ನಿಜವಾಗಿಯೂ ಬೈಯುವುದನ್ನು ನಾನೇ ಕೇಳಿದ್ದೇನೆ.

ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಬೇಹುಗಾರಿಕೆಗೆ ಕಟ್ಟಿದ್ದಂತೆ, ಹೌದಾ?

ಇಲ್ಲ, ಅದು ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಗೋಡೆ ದುಂಡಗಿರುವುದರಿಂದ ಈ ಕಡೆಯ ಪಿಸುಮಾತು ಗೋಡೆ ಹಿಡಿದು ಓಡಿ ಆ ಕಡೆ ಕೇಳುತ್ತದೆ. ಬೇಹಿಗೆ ಅದು ಉಪಯೋಗಕ್ಕೂ ಬರುವುದಿಲ್ಲ. ಭಾನುವಾರ ಹೋಗಿ ನೋಡಿ, ಶಾಲೆ ಮಕ್ಕಳ ಕೂಗಾಟ ಏಳೇಳು ಸಲ ತಿರುಗಿ ಬಂದು ಒಬ್ಬರ ಮಾತೂ ತಿಳಿಯುವುದಿಲ್ಲ. ಸ್ಟಾಸಿಗೆ ಆದದ್ದೂ ಇದೇ ಅನ್ನಿಸುತ್ತದೆ ನನಗೆ. ಎಲ್ಲರ ಮಾತು ಕೇಳಿಸಿಕೊಂಡರು, ದೇಶ ಕೈಬಿಟ್ಟು ಹೋಗುವುದು ಮಾತ್ರ ಕೇಳಲಿಲ್ಲ.

"ಕಾಕಾ, ರಾ ಸೇರ್ಬೇಕಂದ್ರ ಏನ್ ಓದ್ಬೇಕ್ರಿ?"

ರಾ ಸಂತೆಯಲ್ಲಿ ಜಾಹೀರಾತು ಹಾಕುವುದಿಲ್ಲ. ಐಪಿಎಸ್‌ನಂಥ ಸೇವೆಗಳಿಂದ ಕರೆದುಕೊಳ್ಳುತ್ತದೆ, ತನ್ನದೇ ಕೇಡರ್ ಕೂಡ ಇದೆ. ಐಬಿಗೆ ಮಾತ್ರ ಎಸಿಐಓ ಪರೀಕ್ಷೆ ಇದೆ, ಕೇಂದ್ರ ಗೃಹ ಸಚಿವಾಲಯ ಕರೆಯುತ್ತದೆ, ಡಿಗ್ರಿ ಬೇಕು. ದುಡ್ಡು ಕೊಟ್ಟರೆ ರಾದಲ್ಲಿ ಸೇರಿಸುತ್ತೇನೆ ಅನ್ನುವವನು ಮೋಸಗಾರ.

ಒಮ್ಮೆ ಒಬ್ಬ ಹುಡುಗ ಐಡಿ ಕಾರ್ಡ್ ಲ್ಯಾಮಿನೇಷನ್‌ಗೆ ತಂದಿದ್ದ. ಮೇಲೆ ಮೂರು ಸಿಂಹ, ಕೆಳಗೆ ದೊಡ್ಡ ಅಕ್ಷರದಲ್ಲಿ ರಹಸ್ಯ ಏಜೆಂಟ್ ಅಂತ ಇತ್ತು. ತಮ್ಮಾ, ರಹಸ್ಯ ಅಂತ ಬರೆದ ಮೇಲೆ ರಹಸ್ಯ ಎಲ್ಲಿ ಉಳಿಯಿತು ಅಂದೆ. ರಾಷ್ಟ್ರ ಲಾಂಛನ ಹೀಗೆ ಬಳಸುವುದು 2005ರ ಕಾಯ್ದೆ ಪ್ರಕಾರ ಅಪರಾಧ ಅಂತಲೂ ಹೇಳಿದೆ. ಕಾರ್ಡು ಕಿಸೆಗೆ ಹಾಕಿಕೊಂಡು ಹೋದವನು ಈಗ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ, ನೋಟ್ಸ್ ಇಲ್ಲೇ ತೆಗೆಸುತ್ತಾನೆ.

ಮಕ್ಕಳಿಗೆ ಇದೆಲ್ಲ ಹೇಗೆ ಶುರು ಮಾಡಿಸುವುದು?

ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮ ಎಲ್ಲಾದರೂ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಕೊಡಿಸಿ. ನನ್ನ ಹುಚ್ಚು ಅಲ್ಲಿಂದಲೇ.

ಕೊನೆಯ ಪ್ರಶ್ನೆ. ಝೆರಾಕ್ಸ್‌ಗೆ ಕೊಟ್ಟ ನಮ್ಮ ಕಾಗದ ನೀವು ಓದುತ್ತೀರಾ?

ಓದಲ್ಲ ಅಂದರೆ ಸುಳ್ಳು. ಕಣ್ಣು ಬೀಳುತ್ತದೆ. ಯಾರ ಹೊಲ ಬ್ಯಾಂಕಿನಲ್ಲಿ ಅಡ ಇದೆ, ಯಾರ ಮಗಳ ವಿಚ್ಛೇದನ ಕೋರ್ಟಿನಲ್ಲಿದೆ, ಯಾರ ಮಾರ್ಕ್ಸ್ ಕಾರ್ಡಿನಲ್ಲಿ ನಪಾಸು ಅಂತ ಇದೆ, ಇದೆಲ್ಲ ಈ ಓಣಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೋದ ಮಳೆಗಾಲದಲ್ಲಿ ಒಬ್ಬರು ಬಂದು ಐನೂರರ ನೋಟು ಕೌಂಟರ್ ಮೇಲಿಟ್ಟು, ಪಕ್ಕದ ಗಲ್ಲಿಯವರು ನಿನ್ನೆ ಯಾವ ಕಾಗದ ತೆಗೆಸಿಕೊಂಡು ಹೋದರು ಅಂತ ಕೇಳಿದರು. ಪೊಲೀಸರಲ್ಲ, ಸರ್ಕಾರದವರೂ ಅಲ್ಲ. ಆ ಮನೆಯವರ ಸ್ವಂತ ತಮ್ಮ, ಆಸ್ತಿ ಪಾಲಿನ ಜಗಳ. ನಿನ್ನೆ ಇಡೀ ದಿನ ಮಷಿನ್ ಕೆಟ್ಟಿತ್ತು ಅಂದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಹುಡುಗ, "ಇಲ್ರಿ ಕಾಕಾ, ನಿನ್ನಿ ನಾ ತಗಸ್ಕೊಂಡ್ ಹೋಗೀನಲ್ರಿ" ಅಂದುಬಿಟ್ಟ.